ಎಡಗಾಲಿನ ಚಪ್ಪಲಿ

ನಮ್ಮೂರಲ್ಲಿ ಯಾರ ಮನೆಯೊಳಗೆ ವೆಬ್‌ಸೈಟ್ ಇದೆ ಎಂದು ಕೇಳಿ ತಿಳಿಯಬೇಕಾಗಿಲ್ಲ, ಬಾಗಿಲು ನೋಡಿದರೆ ಸಾಕು. ಎಲ್ಲೋ ಯಾವುದೋ ಊರಿನಲ್ಲಿ ಕೂತು ಯಾರಾದರೂ ನಿಮ್ಮ ಪುಟ ತೆರೆದರೆ, ಅವರ ಕಾಲಲ್ಲಿದ್ದ ಚಪ್ಪಲಿ ನಿಮ್ಮ ಹೊಸ್ತಿಲಾಚೆ ಬಂದು ಕೂರುತ್ತದೆ. ಓದಿ ಮುಗಿಸಿ ಮುಚ್ಚಿದ ಕೂಡಲೇ ಹೊರಟುಹೋಗುತ್ತದೆ. ಹೊರಗಿನವರಿಗೆ ಇದರ ಸುಳಿವೇ ಇಲ್ಲ; ಓದುವ ಗುಂಗಿನಲ್ಲಿ ತಮ್ಮ ಕಾಲ ಕಡೆ ನೋಡಿಕೊಳ್ಳುವವರು ಯಾರು? ಗೊತ್ತಿರುವುದು ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ. ನಮಗೆ ಅದು ಬೆಳಗಾದರೆ ಹಾಲಿನವನು ಬರುವಷ್ಟೇ ಮಾಮೂಲು.

ಮಾಮೂಲಾದ್ದಕ್ಕೂ ಒಂದು ಮರ್ಯಾದೆ ಅಂತ ಇರುತ್ತದಲ್ಲ. ಬಂದ ಚಪ್ಪಲಿಯನ್ನು ದಾಟಿ ಹೋಗಬಾರದು, ಸುತ್ತಿ ಹೋಗಬೇಕು. ಪಕ್ಕದಲ್ಲಿ ಒಂದು ತಂಬಿಗೆ ನೀರಿಡಬೇಕು. ಮುಖ್ಯವಾಗಿ, ಮುಟ್ಟಬಾರದು. ಹೆಣ್ಣು ಕೊಡುವವರು ಬಂದರೆ ಮೊದಲು ಹೊಸ್ತಿಲ ಕಡೆ ಕಣ್ಣು ಹಾಯಿಸಿ, ನಾಲ್ಕು ಜನ ಬಂದುಹೋಗುವ ಮನೆಯೋ ಅಲ್ಲವೋ ಎಂದು ಅಂದಾಜು ಮಾಡಿಕೊಳ್ಳುತ್ತಾರೆ. ಕೆಳಗಿನ ಬೀದಿಯ ಜೋಯಿಸರು ಪಂಚಾಂಗದ ಸೈಟೊಂದನ್ನು ಇಟ್ಟಿದ್ದಾರೆ, ನರಪಿಳ್ಳೆ ಅತ್ತ ಸುಳಿಯುವುದಿಲ್ಲ. ಅವರು ತಮ್ಮ ಹಳೆ ಚಪ್ಪಲಿ, ಹೆಂಡತಿಯ ಚಪ್ಪಲಿ, ತೀರಿಹೋದ ಮಾವನ ಬೂಟು ಎಲ್ಲವನ್ನೂ ತಂದು ಬಾಗಿಲಲ್ಲಿ ಸಾಲಾಗಿ ಜೋಡಿಸಿಡುತ್ತಾರೆ. ಪಾಪ, ಯಾರೂ ಬಾಯಿಬಿಟ್ಟು ಕೇಳಿಲ್ಲ. ಆದರೆ ಕರೆಂಟ್ ಹೋದಾಗ ಊರಿನ ಎಲ್ಲರ ಬಾಗಿಲೂ ಖಾಲಿಯಾಗಿ, ಜೋಯಿಸರ ಬಾಗಿಲಲ್ಲಿ ಮಾತ್ರ ಅಷ್ಟೂ ಹಾಗೇ ಇರುತ್ತದೆ.

ನಾನು ವಿಶಾಲಾಕ್ಷಿ, ರವಿಕೆ ಹೊಲಿಯುವವಳು. ನಮ್ಮ ಯಜಮಾನರದು ಪೇಟೆಯಲ್ಲಿ ಟೀವಿ ರಿಪೇರಿ ಅಂಗಡಿ. ಯಾರೋ ಬಿಟ್ಟುಹೋದ ಹಳೆಯ ಕಂಪ್ಯೂಟರನ್ನು ಸರಿಮಾಡಿ, ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಗೂಡಿನಲ್ಲಿ ಕೂರಿಸಿ, ಅದರಲ್ಲಿ ನನಗೊಂದು ಸೈಟು ಮಾಡಿಕೊಟ್ಟರು. ಅಳತೆ ತೆಗೆಯುವುದು ಹೇಗೆ, ಕಂಕುಳ ಹತ್ತಿರ ಎಷ್ಟು ಬಿಡಬೇಕು, ಬಟ್ಟೆಯನ್ನು ಯಾವ ಕಡೆಗೆ ಮಡಿಸಬೇಕು, ಎಲ್ಲವನ್ನೂ ಚಿತ್ರ ಬರೆದು ಹೇಳಿಕೊಡುವ ಪುಟಗಳು. ಯಂತ್ರದ ಫ್ಯಾನು ಹಗಲೂ ರಾತ್ರಿ ಗುರ್ ಎನ್ನುತ್ತದೆ, ಮಳೆ ಬಂದರೆ ಲೈನು ಹೋಗುತ್ತದೆ, ಬೇಸಿಗೆಯಲ್ಲಿ ಅದಕ್ಕೆ ನಾನೇ ಬೀಸಣಿಗೆ ಹಿಡಿದದ್ದೂ ಉಂಟು. ಆದರೂ ನನ್ನ ಮಾತು ನನ್ನ ಮನೆಯಲ್ಲೇ ಇದೆ ಎನ್ನುವುದು ಒಂದು ಸಮಾಧಾನ. ಹೊಲಿಯುತ್ತ ತಲೆಯೆತ್ತಿದರೆ ಬಾಗಿಲಲ್ಲಿ ಯಾರ್ಯಾರದೋ ಚಪ್ಪಲಿ. ಹವಾಯಿ, ಕೊಲ್ಹಾಪುರಿ, ಎತ್ತರದ ಹಿಮ್ಮಡಿಯದು, ಒಮ್ಮೆ ಯಾವುದೋ ಚಳಿದೇಶದ ಮೊಣಕಾಲುದ್ದದ ಬೂಟು. "ಕೂತ್ಕೊಳಮ್ಮ, ನಿಧಾನವಾಗಿ ನೋಡು" ಎಂದು ಬೂಟಿಗೆ ಹೇಳಿ ನಾನು ನನ್ನ ಪಾಡಿಗೆ ಪೆಡಲು ತುಳಿದೆ.

ಅವುಗಳ ನಡುವೆ ಒಂದು ಜೊತೆ ದಿನಾ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಕಂದು ಬಣ್ಣದ್ದು, ಹಳೆಯದು. ಬಲಗಾಲಿನದರ ಹಿಮ್ಮಡಿ ಸವೆದು ತೆಳ್ಳಗಾಗಿತ್ತು. ಎಡಗಾಲಿನದರ ಪಟ್ಟಿ ಕಿತ್ತುಹೋಗಿ, ಅಲ್ಲಿಗೆ ರವಿಕೆಯ ಹುಕ್ಕು ಸಿಕ್ಕಿಸಿತ್ತು. ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಚಪ್ಪಲಿ ಕಿತ್ತರೆ ರವಿಕೆ ಹುಕ್ಕು ಹಾಕಿಕೊಂಡು ಓಡಾಡುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ. ಅವಳು ನನ್ನ ತಂಗಿ ಅಂಬುಜ.

ನಾವಿಬ್ಬರೂ ಒಂದೇ ಮಿಷನ್ನಿನಲ್ಲಿ ಸರದಿಯ ಮೇಲೆ ಹೊಲಿದು ದೊಡ್ಡವರಾದವರು. ಒಬ್ಬ ಮದುಮಗಳ ಧಾರೆಯ ರವಿಕೆ ಕೆಟ್ಟು ಕೂತದ್ದೇ ನೆಪವಾಯಿತು. ಅಳತೆ ತೆಗೆದವಳು ನಾನು, ಕತ್ತರಿಸಿದವಳು ಅವಳು. ಅಳತೆ ತಪ್ಪು ಹೇಳಿದೆ ಎಂದು ಅವಳು, ಕತ್ತರಿ ಅಡ್ಡ ಓಡಿಸಿದೆ ಎಂದು ನಾನು. ಮದುಮಗಳು ಬೇರೆ ಯಾರದೋ ರವಿಕೆ ತೊಟ್ಟು ಹಸೆಮಣೆ ಏರಿದಳು, ಮಕ್ಕಳನ್ನೂ ಹೆತ್ತಳು, ನಮ್ಮ ಜಗಳ ಮಾತ್ರ ಮುಗಿಯಲಿಲ್ಲ. ಅಂಬು ಗಂಟುಮೂಟೆ ಕಟ್ಟಿಕೊಂಡು ಹೊಳೆಯಾಚೆಯ ಊರಿಗೆ ಹೋಗಿ ಅಲ್ಲೇ ಹೊಲಿಗೆ ಹಾಕಿಕೊಂಡು ಕೂತಳು. ಅವಳು ಬರಲಿಲ್ಲ, ನಾನು ಕರೆಯಲಿಲ್ಲ, ವರ್ಷಗಳು ಹೋದವು. ನನ್ನ ಸೈಟಿನ ಮೊದಲನೆಯ ಸಾಲು 'ಅಳತೆ ತೆಗೆದವರೇ ಕತ್ತರಿಸಬೇಕು' ಎಂದು. ಯಾಕೆಂದು ಓದುವವರಿಗೆ ಗೊತ್ತಿಲ್ಲ, ಅವಳೊಬ್ಬಳಿಗೆ ಗೊತ್ತು.

ಪುಟ ತೆರೆದರೆ ತನ್ನ ಚಪ್ಪಲಿ ಎಲ್ಲಿಗೆ ಬರುತ್ತದೆ ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಈ ಊರಲ್ಲಿ ಹುಟ್ಟಿದವಳಲ್ಲವೇ. ರವಿಕೆ ಕಲಿಯಲು ಅವಳಿಗೆ ನನ್ನ ಪುಟ ಬೇಕೇ? ನನಗಿಂತ ನೀಟಾಗಿ ಹೊಲಿಯುವವಳು. ಅವಳು ಬಂದು ಅಕ್ಕನ ಬಾಗಿಲಲ್ಲಿ ನಿಂತು ಹೋಗುತ್ತಿದ್ದಳು, ಅಷ್ಟೇ. ಆ ಹೊತ್ತಿಗೆ ನಾನು ಎಲ್ಲ ಕೆಲಸ ಬಿಟ್ಟು ಬಾಗಿಲಿಗೆ ಎದುರಾಗಿ ಕೂರುತ್ತಿದ್ದೆ. ಫೋನ್ ನಂಬರು ಹುಡುಕುವುದು ಏನು ಮಹಾ ಕಷ್ಟ? ಆದರೆ ಮೊದಲು ಯಾರು ಮಾಡಬೇಕು ಅನ್ನುವುದು ಒಂದಿತ್ತಲ್ಲ. ಹಾಳಾದ ಬಿಗುಮಾನ, ನಮ್ಮಿಬ್ಬರಿಗೂ ಅಪ್ಪನ ಕಡೆಯಿಂದ ಬಂದದ್ದು.

ಮಳೆ ಹಿಡಿದ ಒಂದು ಸಂಜೆ ಆ ಹುಕ್ಕು ಬಾಯಿ ಬಿಟ್ಟುಕೊಂಡಿತ್ತು. ಅಲ್ಲಿಯೂ ಮಳೆಯೇ ಇರಬೇಕು, ಅಟ್ಟೆಗೆ ಕೆಸರು ಮೆತ್ತಿತ್ತು. ಇದನ್ನು ಹಾಕಿಕೊಂಡು ಇವಳು ಎಲ್ಲಾದರೂ ಜಾರಿ ಸೊಂಟ ಮುರಿದುಕೊಂಡರೆ ನೋಡಿಕೊಳ್ಳುವವರು ಯಾರು? ಊರಿನ ಮರ್ಯಾದೆ ಮರೆತುಬಿಟ್ಟೆ. ಎಡಗಾಲಿನದನ್ನು ಎತ್ತಿಕೊಂಡು ಒಳಗೆ ಬಂದೆ, ದಬ್ಬಣ, ಮೇಣದ ದಾರ ಹುಡುಕಿ ಹೊಲಿಯಲು ಕೂತೆ. ಬಂದರೆ ಬೇಗ ಹೋಗುವವಳಲ್ಲ, ಅಷ್ಟರೊಳಗೆ ನಾಲ್ಕು ಹೊಲಿಗೆ ಹಾಕಿ ತಿರುಗಿ ಇಟ್ಟುಬಿಟ್ಟರಾಯಿತು ಎಂದು ನನ್ನ ಲೆಕ್ಕ. ಇನ್ನೂ ದಾರ ಎಳೆಯುತ್ತಿದ್ದೆ, ಕರೆಂಟ್ ಹೋಯಿತು. ಫ್ಯಾನಿನ ಗುರ್ ನಿಂತಿತು. ಓಡಿ ಹೋಗಿ ನೋಡಿದರೆ ಜಗಲಿ ಖಾಲಿ, ಬಲಗಾಲಿನದು ಹೊರಟುಹೋಗಿದೆ. ಹೊಸ್ತಿಲು ದಾಟಿ ಒಳಗೆ ಬಂದಿದ್ದ ಎಡಗಾಲಿನದು ದಬ್ಬಣದ ಸಮೇತ ನನ್ನ ಕೈಯಲ್ಲೇ ಉಳಿಯಿತು.

ಅಯ್ಯೋ ದೇವರೇ ಎಂದು ಅಲ್ಲೇ ಕುಕ್ಕರಿಸಿದೆ. ಹೊರಗಿನವರಾಗಿದ್ದರೆ ಒಂದು ಚಪ್ಪಲಿ ಎಲ್ಲೋ ಕಳೆಯಿತು ಅಂದುಕೊಳ್ಳುತ್ತಿದ್ದರು. ಅಂಬು ಹೊರಗಿನವಳಲ್ಲ. ನಮ್ಮೂರಲ್ಲಿ ಬೇಡವಾದವರು ಬಂದಾಗ ಅವರ ಒಂದು ಕಾಲಿನದನ್ನು ಎತ್ತಿಡುತ್ತಾರೆ. ಒಂದೇ ಚಪ್ಪಲಿಯಲ್ಲಿ ಮನೆಗೆ ಹೋಗು, ಇನ್ನು ಈ ಕಡೆ ತಲೆ ಹಾಕಬೇಡ ಎಂದು ಅದರ ಅರ್ಥ. ಅದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ನಾನು ಪ್ರೀತಿಯಿಂದ ಎತ್ತಿಕೊಂಡೆ ಎಂದು ಅವಳಿಗೆ ಯಾರು ಹೇಳಬೇಕು?

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಜಮಾನರು ಎಲ್ಲಿಂದಲೋ ನಂಬರು ತಂದುಕೊಟ್ಟರು. ಬಿಗುಮಾನ ಪಕ್ಕಕ್ಕಿಟ್ಟು ಮಾಡಿದೆ. ನಾನು "ಅಂಬೂ" ಎಂದದ್ದೇ ತಡ, ಕಟ್ ಮಾಡಿದಳು. ಆಮೇಲೆ ಎಷ್ಟು ಮಾಡಿದರೂ ಗಂಟೆಯೇ ಹೊಡೆಯಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ಅವಳು ಯಾವತ್ತಾದರೂ ಮನಸ್ಸು ಕರಗಿ ಪುಟ ತೆರೆಯಬೇಕು, ಅವಳ ಬಲಗಾಲಿನದು ಹೊಸ್ತಿಲಿಗೆ ಬರಬೇಕು, ನಾನು ಹೊಲಿದ ಎಡಗಾಲಿನದನ್ನು ಪಕ್ಕದಲ್ಲಿಡಬೇಕು. ಜೊತೆಗೂಡಿದರೆ ಎರಡೂ ಒಟ್ಟಿಗೆ ಅವಳ ಕಾಲಿಗೆ ಹೋಗುತ್ತವೆ. ಪಟ್ಟಿಯ ಹೊಲಿಗೆ ನೋಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ.

ಅಷ್ಟರಲ್ಲಿ ಲಗ್ನದ ದಿನಗಳು ಬಂದವು. ನನ್ನ ಸೈಟಿನ ಹೆಸರು ಅದು ಹೇಗೆ ಹಬ್ಬಿತೋ, ಜಗಲಿ ತುಂಬಿ, ಮೆಟ್ಟಿಲು ತುಂಬಿ, ಚಪ್ಪಲಿಗಳು ಪಕ್ಕದ ಕಾಶಮ್ಮನ ಮನೆಯ ಮುಂದೆ ಹೋಗಿ ಕೂತವು. ಕಾಶಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಏನ್ರೀ ವಿಶಾಲಮ್ಮ, ನಾನು ರಂಗೋಲಿ ಎಲ್ಲಿ ಹಾಕ್ಲಿ? ನಿಮ್ಮೋರ ಚಪ್ಪಲಿ ಮೇಲಾ?"

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಕಾಶಮ್ಮ, ಕಲಿಯೋಕೆ ಬಂದಿರೋ ಹೆಣ್ಮಕ್ಕಳು."

"ಕಲೀಲಿ, ಯಾರು ಬೇಡ ಅಂದ್ರು? ಆದ್ರೆ ನಾನು ಹಾಲು ತರೋಕೆ ಹೋಗ್ಬೇಕಾದ್ರೆ ಕುಣ್ಕೊಂಡು ಹೋಗ್ಬೇಕಾಗಿದೆ. ಈ ವಯಸ್ಸಲ್ಲಿ ನನಗೆ ಯಾಕಮ್ಮ ಡ್ಯಾನ್ಸು?"

ಕಾಶಮ್ಮನನ್ನಾದರೂ ಸಮಾಧಾನ ಮಾಡಬಹುದು, ಯಂತ್ರವನ್ನು ಮಾಡುವುದು ಹೇಗೆ? ಒಟ್ಟಿಗೆ ಅಷ್ಟು ಜನ ಬಂದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಜಗಲಿಯ ಮೇಲೆ ಚಪ್ಪಲಿಗಳು ಬರುವುದು, ಹೋಗುವುದು, ಮತ್ತೆ ಬರುವುದು. ಪುಟ ಅರ್ಧ ತೆರೆದು ನಿಲ್ಲುವುದು. ಒಂದು ದಿನ ಯಾವುದೋ ಊರಿನ ಹುಡುಗಿ ಫೋನ್ ಮಾಡಿದಳು.

"ಆಂಟೀ, ಕಂಕುಳ ಹತ್ರ ಎಷ್ಟು ಬಿಡ್ಬೇಕು ಅನ್ನೋ ಕಡೆಗೇ ಪುಟ ನಿಂತ್ಹೋಯ್ತು. ನಾನು ಅಂದಾಜಲ್ಲಿ ಕತ್ತರಿಸ್ಬಿಟ್ಟೆ. ನಮ್ಮಕ್ಕನ ಧಾರೆ ರವಿಕೆ ಆಂಟೀ. ಅವಳು ನನ್ನ ಹತ್ರ ಮಾತೇ ಆಡ್ತಿಲ್ಲ."

ಅವಳು ಅಳುತ್ತಿದ್ದಳು. ಕಂಕುಳಿಗೆ ಚೌಕದ ತುಂಡು ಹೇಗೆ ಕೂರಿಸಬೇಕು, ಜೋಡಿಸಿದ್ದು ಕಾಣದ ಹಾಗೆ ಜರಿ ಹೇಗೆ ಹಾಯಿಸಬೇಕು ಎಂದು ಫೋನಿನಲ್ಲೇ ಹೇಳಿಕೊಟ್ಟೆ. ಕೊನೆಗೆ, "ಮೊದ್ಲು ಹೋಗಿ ನಿಮ್ಮಕ್ಕನ್ನ ಮಾತಾಡ್ಸು, ಆಮೇಲೆ ಸೂಜಿ ಹಿಡಿ" ಎಂದೆ.

ಯಜಮಾನರು ಎಲ್ಲ ಕೇಳಿಸಿಕೊಂಡಿದ್ದರು. ಆಮೇಲೆ ಮೆಲ್ಲಗೆ ಮಾತು ತೆಗೆದರು. "ನೋಡು ವಿಶಾಲೂ, ಇದು ಮನೆ ಯಂತ್ರದ ಕೈಲಾಗೋ ಕೆಲಸ ಅಲ್ಲ. ವರ್ಚುವಲ್ ಸರ್ವರ್ ಬಾಡಿಗೆಗೆ ತಗೊಳ್ಳೋಣ."

"ಅಂಬು ಚಪ್ಪಲಿ?"

"ಅವಳು ಬರ್ತಾಳೆ ಅಂತ ಏನು ಗ್ಯಾರಂಟಿ?"

"ಬರಲ್ಲ ಅಂತ ನಿಮಗೇನ್ರೀ ಗ್ಯಾರಂಟಿ?" ಎಂದು ಹರಿಹಾಯ್ದೆ. ಅವರು ಬೈಸಿಕೊಂಡು ಅಭ್ಯಾಸವಾದ ಮನುಷ್ಯ, ಬಾ, ಒಮ್ಮೆ ನೋಡಿಯಾದರೂ ಬರೋಣ ಎಂದು ಸ್ಕೂಟರ್ ತೆಗೆದರು.

ಊರ ಹೊರಗೆ ಕಲ್ಲುಕ್ವಾರಿಯ ಹತ್ತಿರ ಕಿಟಕಿಯಿಲ್ಲದ ಒಂದು ಕಟ್ಟಡ. ಒಳಗೆ ಎ.ಸಿ.ಯ ಚಳಿ. ಅಲ್ಲಿನ ಉಸ್ತುವಾರಿ ದಯಾನಂದ ಎಂಬ ಸೌಮ್ಯ ಮನುಷ್ಯ. "ಯಂತ್ರ ಒಂದೇ ಅಮ್ಮ, ದೊಡ್ಡದು" ಎಂದು ವಿವರಿಸಿದ. "ಒಳಗೆ ಗೋಡೆ ಇಲ್ದೇನೇ ಗೋಡೆ ಎಬ್ಬಿಸಿ, ಮನೆ ಮನೆ ಮಾಡಿ ಬಾಡಿಗೆಗೆ ಕೊಟ್ಟಿದೀವಿ. ನಿಮ್ಮ ಮನೆ ನಿಮ್ದು, ಬೀಗದ ಕೈ ನಿಮ್ದು. ಪಕ್ಕದ ಮನೇಲಿ ಏನು ಒಗ್ಗರಣೆ ಅಂತ ನಿಮಗೆ ಗೊತ್ತಾಗಲ್ಲ. ಜನ ಜಾಸ್ತಿ ಬಂದ್ರೆ ಜಾಗ ಇನ್ನಷ್ಟು ಅಗಲ ಮಾಡ್ಕೊಡ್ತೀವಿ. ಕರೆಂಟ್ ಹೋದ್ರೆ ಜನರೇಟರು."

"ಚಪ್ಪಲಿ ಎಲ್ಲಿಗೆ ಬರುತ್ತಪ್ಪ?"

ಹಿಂದಿನ ಬಾಗಿಲು ತೆರೆದು ತೋರಿಸಿದ. ಕಲ್ಯಾಣಮಂಟಪದಷ್ಟು ಅಗಲದ ಷೆಡ್ಡು, ಅದರ ತುಂಬ ಚಪ್ಪಲಿಗಳ ರಾಶಿ. ನೋಡುತ್ತಿದ್ದ ಹಾಗೇ ರಾಶಿ ಒಂದು ಕಡೆ ಕುಸಿಯುತ್ತಿತ್ತು, ಇನ್ನೊಂದು ಕಡೆ ಏಳುತ್ತಿತ್ತು. ಒಬ್ಬ ನರಮನುಷ್ಯನೂ ಅತ್ತ ತಿರುಗಿ ನೋಡುತ್ತಿರಲಿಲ್ಲ.

"ಯಾರು ಯಾರ ಮನೆಗೆ ಬಂದೋರು ಅಂತ ಹೇಗೆ ತಿಳಿಯುತ್ತೆ?"

"ತಿಳಿಯಲ್ಲಮ್ಮ. ನಮ್ಮಮ್ಮನೂ ಇದೇ ಕೇಳಿದ್ರು. ಒಂದು ತಂಬಿಗೆ ನೀರಾದ್ರೂ ಇಡೋ ಅಂದ್ರು, ಇಟ್ಟೆ. ಅರ್ಧ ಗಂಟೇಲಿ ಉರುಳಿಹೋಯ್ತು." ಅವನು ಆ ಮಾತನ್ನು ಬೇಸರದಿಂದಲೇ ಹೇಳಿದ. ಕೆಟ್ಟವನಲ್ಲ. ನೆಲವೂ ಗುಡಿಸಿ ಸಾರಿಸಿದ ಹಾಗೆ ಶುದ್ಧವಾಗಿತ್ತು. ಆದರೆ ಆ ರಾಶಿಯಲ್ಲಿ ಅಂಬುವಿನ ಒಂಟಿ ಚಪ್ಪಲಿ ಬಂದು ಬಿದ್ದು, ಯಾರ ಕಣ್ಣಿಗೂ ಬೀಳದೆ ಹೊರಟುಹೋಗುವುದನ್ನು ನೆನೆಸಿಕೊಂಡು ಅಲ್ಲಿಂದ ಹೊರಗೆ ಬಂದುಬಿಟ್ಟೆ. ಸ್ಕೂಟರಿನ ಹಿಂದೆ ಕೂತು ಮನೆಯವರೆಗೂ ಅತ್ತೆ. ಗಾಳಿಗೆ ಕಣ್ಣಲ್ಲಿ ನೀರು ಎಂದು ಹೇಳಿದರೆ ಯಜಮಾನರು ನಂಬಿದ ಹಾಗೆ ಮಾಡಿದರು.

ಸೈಟನ್ನು ಮನೆಯಲ್ಲೇ ಇಟ್ಟುಕೊಂಡರೆ ಇನ್ನೆಷ್ಟು ಹುಡುಗಿಯರು ಅರ್ಧ ಪುಟ ನೋಡಿ ಕತ್ತರಿ ಹಾಕುತ್ತಾರೋ, ಇನ್ನೆಷ್ಟು ಮನೆಗಳಲ್ಲಿ ಅಕ್ಕತಂಗಿಯರು ಮುಖ ತಿರುಗಿಸಿಕೊಂಡು ಕೂರುತ್ತಾರೋ. ಬಾಡಿಗೆಗೆ ಒಯ್ದರೆ ನನ್ನ ತಂಗಿಗೆ ಬರಲು ಬಾಗಿಲೇ ಇಲ್ಲ. ರವಿಕೆ ಕತ್ತರಿಸುವಾಗಲೂ ಒಂದೊಂದು ಸಲ ಹೀಗೇ ಆಗುತ್ತದೆ, ತೋಳಿಗೆ ಬಿಟ್ಟರೆ ಬೆನ್ನಿಗೆ ಸಾಲದು, ಬೆನ್ನಿಗೆ ಬಿಟ್ಟರೆ ತೋಳಿಗೆ ಸಾಲದು. ಆಗ ನಾನು ಕತ್ತರಿ ಕೆಳಗಿಟ್ಟು ಬಟ್ಟೆಯನ್ನು ಇನ್ನೊಂದು ಥರ ಮಡಿಸಿ ನೋಡುತ್ತೇನೆ. ಅವತ್ತೂ ಅದನ್ನೇ ಮಾಡಿದೆ.

"ರೀ, ಪಾಠವೆಲ್ಲ ಆ ಕಟ್ಟಡಕ್ಕೆ ಹೋಗ್ಲಿ. ಈ ಯಂತ್ರ ಮಾತ್ರ ಆರಿಸ್ಬೇಡಿ. ಇದರಲ್ಲಿ ಒಂದೇ ಒಂದು ಪುಟ ಇರ್ಲಿ."

"ಒಂದು ಪುಟಕ್ಕೆ ಇಡೀ ಯಂತ್ರ ಓಡಿಸ್ಬೇಕಾ?"

"ಒಬ್ಬಳಿಗೋಸ್ಕರ ಮನೆ ಬಾಗಿಲು ತೆಗೆದಿಡಲ್ವೇನ್ರೀ?"

ಅವರು ಕೆಲಸಕ್ಕೆ ಕೂತರು. ಪಾಠಗಳು ಬಾಡಿಗೆಯ ಸರ್ವರಿಗೆ ಹೋದವು. ಅಲ್ಲಿ ಮೊದಲ ಪುಟದ ಅಡಿಯಲ್ಲಿ 'ನಮ್ಮ ಮನೆಗೆ ಬರುವವರು ಈ ಕಡೆ' ಎಂದು ಒಂದು ಸಣ್ಣ ದಾರಿ ಮಾಡಿಸಿದೆ. ಅದನ್ನು ಒತ್ತಿದರೆ ಬರುವುದು ಮನೆಯ ಯಂತ್ರಕ್ಕೆ. ಇಲ್ಲಿ ನಾನು ಬರೆಸಿದ್ದು ಇಷ್ಟೇ: 'ಎಡಗಾಲಿನದರ ಪಟ್ಟಿ ಹೊಲಿದಿದ್ದೀನಿ. ಹುಕ್ಕು ಡಬ್ಬಿಯಲ್ಲಿ ಎತ್ತಿಟ್ಟಿದ್ದೀನಿ.'

ಮೊದಮೊದಲು ಕುತೂಹಲಕ್ಕೆ ಕೆಲವರು ಬಂದರು. ಹುಕ್ಕಂತೆ, ಡಬ್ಬಿಯಂತೆ, ಏನೂ ಅರ್ಥವಾಗದೆ ಹೋದರು. ಆಮೇಲೆ ಅವರೂ ನಿಂತರು. ಅಲ್ಲಿ ಕಟ್ಟಡದಲ್ಲಿ ಪಾಠ ಸರಾಗವಾಗಿ ನಡೆಯುತ್ತಿತ್ತು. ರವಿಕೆ ಚೆನ್ನಾಗಿ ಬಂತು ಎಂದು ಎಷ್ಟೋ ಜನ ಫೋನ್ ಮಾಡಿದರು. ನಮ್ಮ ಜಗಲಿ ಮಾತ್ರ ಭಣಭಣ. ತಲೆಯೆತ್ತಿದರೆ ಮಾತಾಡಿಸಲು ಒಂದು ಹವಾಯಿ ಚಪ್ಪಲಿಯೂ ಇಲ್ಲ. ಕಾಶಮ್ಮ ವಿಶಾಲವಾಗಿ ರಂಗೋಲಿ ಹಾಕಿ, "ಒಂಥರಾ ಬಿಕೋ ಅನ್ಸುತ್ತೆ ಕಣ್ರೀ" ಎಂದು ಅವರೇ ಹೇಳಿದರು. ನಾನು ದಿನಾ ದೀಪ ಹಚ್ಚಿ, ತಂಬಿಗೆಗೆ ಹೊಸ ನೀರು ತುಂಬಿ, ಬಾಗಿಲಿಗೆ ಎದುರಾಗಿ ಕೂರುವುದನ್ನು ಬಿಡಲಿಲ್ಲ. ಎಡಗಾಲಿನ ಚಪ್ಪಲಿ ಮಿಷನ್ನಿನ ಮೇಲಿನ ಗೂಡಿನಲ್ಲಿ ಧೂಳು ಕೂರದ ಹಾಗೆ ಬಟ್ಟೆ ಹೊದ್ದು ಕೂತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ಬಾಗಿಲು ಮುಂದೆ ಮಾಡಿ ಹೋಗಿದ್ದೆ, ನಮ್ಮೂರಲ್ಲಿ ಬೀಗ ಹಾಕುವವರು ಯಾರು? ಬಿಸಿಲಲ್ಲಿ ಬೆವರುತ್ತ ಬಂದು ಮೆಟ್ಟಿಲ ಮೇಲೆ ಕಾಲಿಡುತ್ತೇನೆ, ಹೊಸ್ತಿಲಾಚೆ ಒಂದು ಚಪ್ಪಲಿ. ಕಂದು ಬಣ್ಣದ್ದು. ಹಿಮ್ಮಡಿ ಸವೆದದ್ದು. ಬಲಗಾಲಿನದು, ಒಂಟಿ.

ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟೆ. ಒಂದೇ ಕಾಲಿಗೆ ಹಾಕಿಕೊಂಡು ಕೂತು ನನ್ನ ಪುಟ ತೆರೆದಿದ್ದಾಳೆ, ಜೊತೆಯದನ್ನು ಕೇಳಲು! ಯಾವ ಗಳಿಗೆಯಲ್ಲಿ ಮುಚ್ಚುತ್ತಾಳೋ ಎಂದು, ನನ್ನ ಕಾಲಲ್ಲಿದ್ದುದನ್ನೂ ಬಿಡದೆ ಒಳಗೆ ಓಡಿ, ಅತ್ತಿತ್ತ ನೋಡದೆ ಗೂಡಿಗೆ ಕೈ ಹಾಕಿ, ಎಡಗಾಲಿನದನ್ನು ತೆಗೆದುಕೊಂಡು ಹೊರಗೆ ಬಂದೆ. ಇನ್ನೂ ಇತ್ತು. ಇನ್ನೇನು ಪಕ್ಕದಲ್ಲಿಡಬೇಕು, ಕೈ ಬರಲಿಲ್ಲ. ಇಟ್ಟರೆ ಎರಡೂ ಹೋಗುತ್ತವೆ.

ಹೊಸ್ತಿಲ ಮೇಲೆ ಕೂತೆ. ಚಪ್ಪಲಿಗೆ ಕಿವಿಯಿಲ್ಲ ಎಂದು ನನಗೂ ಗೊತ್ತು. ಆದರೂ ಬಾಯಿ ತೆರೆಯಿತು.

"ನೋಡೇ ಅಂಬು, ನಾನು ನಿನ್ನನ್ನ ಓಡಿಸೋಕೆ ಎತ್ಕೊಂಡಿದ್ದಲ್ಲ. ನೀನು ಎಲ್ಲಿ ಬಿದ್ದು ಸಾಯ್ತೀಯೋ ಅಂತ ಹೊಲಿಯೋಕೆ ಎತ್ಕೊಂಡೆ. ಚಪ್ಪಲಿಗೆ ಹುಕ್ಕು ಹಾಕ್ತಾರೇನೇ ಯಾರಾದ್ರೂ? ಆ ರವಿಕೆ ಅಳತೆ ತಪ್ಪಿತ್ತೋ, ಕತ್ತರಿ ತಪ್ಪಿತ್ತೋ, ಆ ದೇವರಿಗೇ ಗೊತ್ತು. ಗೊತ್ತಾಗಿ ನನಗೀಗ ಏನೂ ಆಗ್ಬೇಕಾಗಿಲ್ಲ. ಸಂಜೆ ಆದ್ರೆ ನಿನ್ನ ಚಪ್ಪಲಿ ನೋಡಿದ ಮೇಲೇನೇ ನನಗೆ ಊಟ ಸೇರ್ತಿತ್ತು. ಇವತ್ತು ಇದನ್ನ ನಿನಗೆ ಕೊಟ್ಟು ಕಳಿಸ್ತೀನಿ. ನಾಳೆ ಬಾರೇ. ಓದೋಕೆ ಏನೂ ಇಲ್ದಿದ್ರೂ ಸುಮ್ನೆ ಬಾ."

ಎಡಗಾಲಿನದನ್ನು ಬಲಗಾಲಿನದರ ಪಕ್ಕದಲ್ಲಿಟ್ಟೆ. ಹೋಗಲಿಲ್ಲ. ಇನ್ನೂ ಓದುತ್ತಿದ್ದಾಳೆ ಅಂದುಕೊಂಡೆ. ಎರಡು ಸಾಲು ಓದಲು ಇಷ್ಟು ಹೊತ್ತೇ? ಅಳುತ್ತಿರಬೇಕು. ಅಷ್ಟರಲ್ಲಿ ಒಳಗೆ ಫ್ಯಾನಿನ ಗುರ್ ನಿಂತಿತು. ಬೀದಿಯ ಆ ತುದಿಯಿಂದ ಯಾರೋ "ಕರೆಂಟ್ ಹೋಯ್ತಲ್ಲಪ್ಪಾ" ಎಂದು ಕೂಗಿದರು. ಖಾಲಿ ಹೊಸ್ತಿಲನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

ತೆರೆದಾಗ ಚಪ್ಪಲಿಗಳು ಅಲ್ಲೇ ಇದ್ದವು. ಎರಡೂ.

ಯಂತ್ರ ಆರಿದೆ. ಎದುರು ಮನೆಯ ಜಗಲಿ ಖಾಲಿಯಾಗಿದೆ. ಇವು ಹೋಗಿಲ್ಲ. ಕೈ ಚಾಚಿ ಮುಟ್ಟಿದೆ, ಬಲಗಾಲಿನದು ಬಿಸಿಲಿನ ರಸ್ತೆಯಲ್ಲಿ ನಡೆದು ಬಂದು ಇನ್ನೂ ಬೆಚ್ಚಗಿತ್ತು.

"ಬಸ್ಸಲ್ಲಿ ಎಲ್ರೂ ನನ್ನ ಒಂಟಿ ಕಾಲು ನೋಡಿ ನಕ್ಕಿದ್ದೇ ನಕ್ಕಿದ್ದು" ಎಂದು ಹಿಂದಿನಿಂದ, ನನ್ನದೇ ಅಡುಗೆಮನೆಯ ಬಾಗಿಲಿಂದ ದನಿ ಬಂತು. "ನಿನ್ನ ಪುಟ ಬರಿಗಾಲಲ್ಲಿ ಕೂತು ಓದ್ದೆ. ಎಷ್ಟೊತ್ತು ಅಂತ ಹೊಸ್ತಿಲಲ್ಲೇ ಕೂತಿರ್ತೀಯ ಅಕ್ಕ? ಒಳಗೆ ಬಾ."

ನನ್ನ ಚಪ್ಪಲಿಯನ್ನು ಅವುಗಳ ಪಕ್ಕದಲ್ಲಿ ಬಿಟ್ಟು ಒಳಗೆ ಹೋದೆ.